ಹಳೇ ಗುಂಡಿಯ ಕೆಳಗೆ: ಕೋಲಾರದಲ್ಲಿ ಚಿನ್ನ ಸಿಕ್ಕ ಬಗೆ, ಪಕ್ಕದಲ್ಲೇ ಉಳಿದ ಸಲ್ಫೈಡ್

1883ರ ಹೊತ್ತಿಗೆ ಕೋಲಾರದ ಚಿನ್ನಕ್ಕೆ ದುಡ್ಡು ಹಾಕಿದವರಿಗೆ ಸಾಕುಸಾಕಾಗಿತ್ತು. ಬಾವಿ ತೋಡಿದ್ದಾಯಿತು, ಯಂತ್ರ ತರಿಸಿದ್ದಾಯಿತು, ಇಂಗ್ಲೆಂಡಿನಿಂದ ಜನರನ್ನೂ ಕರೆಸಿದ್ದಾಯಿತು. ಲೆಕ್ಕಕ್ಕೆ ಬರುವಷ್ಟು ಚಿನ್ನ ಮಾತ್ರ ಬಂದಿರಲಿಲ್ಲ. ಒಂದೊಂದೇ ಕಂಪನಿಯ ಬಂಡವಾಳ ಕರಗುತ್ತಿತ್ತು. ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯ ಪಾಲುದಾರರಂತೂ, ಉಳಿದ ಚೂರುಪಾರು ಹಣ ಹಂಚಿಕೊಂಡು ಬಾಗಿಲು ಹಾಕೋಣ ಎನ್ನುವ ಮಾತಿಗೆ ಬಂದಿದ್ದರು. ಆ ಮಾತು ನಡೆದಿದ್ದರೆ ಕೆಜಿಎಫ್ ಅನ್ನುವ ಊರೇ ಇರುತ್ತಿರಲಿಲ್ಲ. ಹಾಗಾಗಲಿಲ್ಲ. 1885ರ ಹೊತ್ತಿಗೆ ಅದೇ ಗಣಿಯಲ್ಲಿ ಒಳ್ಳೆಯ ಅದಿರು ಕೈಗೆ ಸಿಕ್ಕಿತ್ತು. ಮುಂದಿನ ನೂರಿಪ್ಪತ್ತು ವರ್ಷಗಳಲ್ಲಿ ಅಲ್ಲಿನ ಗಣಿಗಳ ಸಾಲಿನಿಂದ ಸುಮಾರು 800 ಟನ್ ಚಿನ್ನ ಹೊರಬಂತು.

ಬೆಂಗಳೂರಿನಲ್ಲಿ ಭೂವಿಜ್ಞಾನ ಓದುವ ಹುಡುಗರು ಖನಿಜ ಹುಡುಕಾಟದ ಬಗ್ಗೆ ಕೇಳಿದಾಗಲೆಲ್ಲ ನಾನು ಹೇಳುವುದು ಇದೇ ಪ್ರಕರಣ. ಕಾರಣ ಚಿನ್ನದ ಮೋಹ ಅಲ್ಲ. ಒಂದೇ ಜಾಗವನ್ನು ಮೂರು ನಾಲ್ಕು ಗುಂಪಿನವರು ನೋಡಿದರು. ಎಲ್ಲರ ಕಣ್ಣಿಗೂ ಬಿದ್ದದ್ದು ಅವೇ ಗುರುತುಗಳು. ಅವುಗಳನ್ನು ಸರಿಯಾಗಿ ಓದಿದವರು ಒಬ್ಬರೋ ಇಬ್ಬರೋ. ಇನ್ನೂ ಒಂದು ಕಾರಣವಿದೆ. ಚಿನ್ನ ಸಿಕ್ಕ ಮೇಲೆ ಪಕ್ಕದಲ್ಲೇ ಇದ್ದ ಬೇರೆ ಬಗೆಯ ಅದಿರಿನ ಕಡೆ, ಅಂದರೆ ಲೋಹ ಗಂಧಕದ ಜೊತೆ ಸೇರಿದ ಸಲ್ಫೈಡ್ ಕಡೆ, ಗಮನ ಕಡಿಮೆಯಾಯಿತು. ಈ ಎರಡನೇ ಭಾಗವನ್ನು ಯಾರೂ ಜಾಸ್ತಿ ಹೇಳುವುದಿಲ್ಲ.

ಗುರುತು ಮೊದಲಿನಿಂದಲೂ ಇತ್ತು

ಕೋಲಾರದ ಚಿನ್ನವನ್ನು ಬ್ರಿಟಿಷರು ಕಂಡುಹಿಡಿದರು ಅನ್ನುವುದು ಅರ್ಧ ಸುಳ್ಳು. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಮೈಸೂರು ರಾಜ್ಯದ ಪೂರ್ವದ ಗಡಿ ಅಳೆಯಲು ಬಂದಾಗ, ಅಲ್ಲಿ ಚಿನ್ನ ತೊಳೆಯುವ ಜನ ಆಗಲೇ ಇದ್ದರು. ಚಿನ್ನ ಇರುವ ಜಾಗ ತೋರಿಸಿದವರಿಗೆ ಬಹುಮಾನ ಎಂದು ಆತ ಸಾರಿದ. ಊರಿಗಾಂ ಕಡೆಯವರು ಗಾಡಿಯಲ್ಲಿ ಮಣ್ಣು ತಂದು, ಅವನ ಕಣ್ಣೆದುರೇ ತೊಳೆದು, ಚಿನ್ನದ ಪುಡಿ ತೋರಿಸಿದರು. ಮಾರಿಕುಪ್ಪದಲ್ಲಿ ಗಂಡಸರು ಸಣ್ಣ ಗುಂಡಿಗಳಲ್ಲಿ ಇಳಿದು ಕಲ್ಲು ಮೇಲಕ್ಕೆ ಕಳಿಸುವುದನ್ನು ಆತ ನೋಡಿದ. ಹೆಂಗಸರು ಅದನ್ನು ಕುಟ್ಟಿ ತೊಳೆಯುತ್ತಿದ್ದರು. ಇದನ್ನೆಲ್ಲ ಆತ ಬರೆದಿಟ್ಟ. ಓದಿದವರು ಓದಿ ಸುಮ್ಮನಾದರು.

ಎಪ್ಪತ್ತು ವರ್ಷ ಹೀಗೇ ಕಳೆಯಿತು. 1871ರಲ್ಲಿ ಬೆಂಗಳೂರು ದಂಡಿನಲ್ಲಿದ್ದ ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್ಲೆ ಎಂಬ ಐರಿಷ್ ಮಾಜಿ ಸೈನಿಕ ಎತ್ತಿನ ಗಾಡಿ ಹತ್ತಿ ಕೋಲಾರಕ್ಕೆ ಹೊರಟ. ನಮ್ಮ ಲ್ಯಾವೆಲ್ಲೆ ರಸ್ತೆಗೆ ಹೆಸರು ಬಂದದ್ದು ಇವನಿಂದಲೇ. ನ್ಯೂಜಿಲೆಂಡಿನಲ್ಲಿ ಮಾವೋರಿ ಯುದ್ಧದಲ್ಲಿದ್ದವನು. ಅಲ್ಲಿ ಚಿನ್ನದ ಹುಡುಕಾಟ ಹೇಗೆ ನಡೆಯುತ್ತದೆ ಎಂಬುದನ್ನು ಕಂಡಿದ್ದ. ವಾರನ್ ಬರೆದದ್ದನ್ನು ಓದಿದ್ದ. ಹಳೇ ಗುಂಡಿಗಳನ್ನು ನೋಡಿಕೊಂಡು ಬಂದು, 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. 1875ರ ಫೆಬ್ರವರಿಯಲ್ಲಿ 20 ವರ್ಷದ ಗುತ್ತಿಗೆ ಸಿಕ್ಕಿತು.

ಗುತ್ತಿಗೆ ಇತ್ತು, ಕಿಸೆಯಲ್ಲಿ ಕಾಸಿರಲಿಲ್ಲ. ಬಾವಿ ತೋಡಿಸಿದ, ಮುಂದೆ ಸಾಗಲಿಲ್ಲ. 1877ರಲ್ಲಿ ಹಕ್ಕನ್ನು ಮೇಜರ್ ಜನರಲ್ ಬೆರೆಸ್‌ಫೋರ್ಡ್ ಮತ್ತು ಜೊತೆಗಾರರಿಗೆ ಬಿಟ್ಟುಕೊಟ್ಟ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಗಣಿ ಕಟ್ಟಿ ನಡೆಸುವುದೇ ಆ ಕಂಪನಿಯ ಕಸುಬು.

ಅದೇ ಕಾಲದಲ್ಲಿ ವೈನಾಡಿನಲ್ಲೂ ಚಿನ್ನದ ಹುಚ್ಚು ಹತ್ತಿತ್ತು. ಲಂಡನ್ನಿನಲ್ಲಿ ಕಂಪನಿ ಮೇಲೆ ಕಂಪನಿ ಹುಟ್ಟಿದವು. ಅದಿರು ಎಷ್ಟಿದೆ ಎಂದು ನೋಡುವ ಮೊದಲೇ ಅರೆಯುವ ಯಂತ್ರಗಳು ಬೆಟ್ಟ ಹತ್ತಿದವು. ಎರಡು ಮೂರು ವರ್ಷದಲ್ಲಿ ಎಲ್ಲ ಕುಸಿದುಬಿತ್ತು. ಕೋಲಾರಕ್ಕೆ ಹಣ ಹಾಕಿದವರ ಕಣ್ಣಮುಂದೆ ಇದೇ ಇತ್ತು. ಅವರು ಹೆದರಿದ್ದು ಸಹಜ, ಅಲ್ವಾ?

ಬಾವಿ ತೋಡಿದರೂ ಯಾಕೆ ಸಿಗಲಿಲ್ಲ

ಇಲ್ಲಿ ಸ್ವಲ್ಪ ನಿಲ್ಲಬೇಕು. ಮೊದಲ ಬಾವಿಗಳು ಬರಿದಾದದ್ದು ಅದೃಷ್ಟ ಕೆಟ್ಟು ಅಲ್ಲ.

ಕೋಲಾರದ ಚಿನ್ನ ಇರುವುದು ಬೆಣಚುಕಲ್ಲಿನ ಎಳೆಗಳಲ್ಲಿ. ಮುಖ್ಯ ಎಳೆಗೆ ಚಾಂಪಿಯನ್ ಲೋಡ್ ಎಂದು ಹೆಸರು. ಅದು ಉತ್ತರ ದಕ್ಷಿಣವಾಗಿ ಸಾಗುತ್ತದೆ, ಪಶ್ಚಿಮಕ್ಕೆ ಕಡಿದಾಗಿ ವಾಲಿ ನೆಲದೊಳಗೆ ಇಳಿಯುತ್ತದೆ. ನಕ್ಷೆಯಲ್ಲಿ ನೋಡಿದರೆ ಒಂದೇ ಉದ್ದ ಗೆರೆ. ಆದರೆ ಗೆರೆಯ ಉದ್ದಕ್ಕೂ ಚಿನ್ನ ಇಲ್ಲ. ಅಲ್ಲಲ್ಲಿ ಎಳೆ ಮಡಿಚಿಕೊಂಡಿರುತ್ತದೆ, ಉಬ್ಬಿರುತ್ತದೆ. ಚಿನ್ನ ಗುಂಪುಗೂಡುವುದು ಅಂಥ ಕಡೆ. ಗಣಿಯವರು ಇವನ್ನು ಶೂಟ್ ಎನ್ನುತ್ತಾರೆ. ಶೂಟ್‌ಗಳು ಎಳೆಯ ಮೈಮೇಲೆ ಓರೆಯಾಗಿ ಕೆಳಗಿಳಿಯುತ್ತವೆ. ಎರಡು ಶೂಟ್‌ಗಳ ನಡುವೆ ಬರೀ ಬೆಣಚು, ಕೆಲವು ಕಡೆ ಅದೂ ಇಲ್ಲ. ಅಂಥ ಜಾಗದಲ್ಲಿ ಒಂದು ಬಾವಿ ತೋಡಿ ಚಿನ್ನವೇ ಇಲ್ಲ ಎನ್ನುವುದು, ಮಸಾಲೆದೋಸೆಯ ತುದಿ ಮುರಿದು ತಿಂದು ಪಲ್ಯವೇ ಹಾಕಿಲ್ಲ ಎಂದು ಜಗಳ ತೆಗೆದ ಹಾಗೆ.

ಇದು ಒಂದು ತೊಡಕು. ಇನ್ನೊಂದನ್ನು ಮಾಡಿಟ್ಟವರು ನಮ್ಮ ಹಳಬರು. ಕ್ರಿಸ್ತಶಕ ಐದನೇ ಶತಮಾನದ ಹೊತ್ತಿಗೇ ಇಲ್ಲಿ ಸುಮಾರು 50 ಮೀಟರ್ ಆಳದವರೆಗೆ ಅಗೆತ ನಡೆದಿತ್ತು. ಡೈನಮೈಟ್ ಇಲ್ಲ, ಪಂಪು ಇಲ್ಲ. ಬಂಡೆಗೆ ಬೆಂಕಿ ಕೊಟ್ಟು ಕಾಯಿಸಿ, ಸಿಡಿದ ಕಲ್ಲನ್ನು ಕಿತ್ತು ತೆಗೆಯುವ ಕೆಲಸ. ಮೇಲ್ಭಾಗದಲ್ಲಿ ಚಿನ್ನ ಚೆನ್ನಾಗಿದ್ದ ಕಡೆಯೆಲ್ಲ ಅವರು ತೆಗೆದು ಮುಗಿಸಿದ್ದರು. ಕಳಪೆಯಾದದ್ದನ್ನು ಮುಟ್ಟಲಿಲ್ಲ. ಹೀಗಾಗಿ 1880ರ ಹೊಸ ಬಾವಿ ಹಳೇ ಗುಂಡಿಗೆ ಬಿದ್ದರೆ ಸಿಗುವುದು ತುಂಬಿದ ಮಣ್ಣು, ಕಲ್ಲುಪುಡಿ. ಹಳೇ ಗುಂಡಿ ತಪ್ಪಿಸಿ ತೋಡಿದರೆ ಹಳಬರೇ ಬೇಡವೆಂದು ಬಿಟ್ಟ ಬರಡು ಬಂಡೆ. ಎರಡೂ ಕಡೆ ನಷ್ಟ.

ಹಳೇ ಗುಂಡಿಯನ್ನು ಎರಡು ರೀತಿ ಓದಬಹುದು. ಒಂದು: ಇಲ್ಲಿದ್ದದ್ದು ಮುಗಿದಿದೆ. ಇನ್ನೊಂದು: ಇಷ್ಟು ಕಷ್ಟಪಟ್ಟು ಇಷ್ಟು ಆಳ ಇಳಿದಿದ್ದಾರೆ ಅಂದರೆ ಚಿನ್ನ ಇಲ್ಲೇ ಇತ್ತು. ಅವರು ನಿಲ್ಲಿಸಿದ್ದು ಚಿನ್ನ ಮುಗಿದದ್ದಕ್ಕಾ, ನೀರು ಮತ್ತು ಗಾಳಿಯ ತೊಂದರೆಗಾ? ಈ ಪ್ರಶ್ನೆಗೆ ಗುಂಡಿಯ ತಳ ನೋಡದೆ ಉತ್ತರ ಸಿಗುವುದಿಲ್ಲ.

ಅದನ್ನು ನೋಡಲು ಹೋದವನು ಕ್ಯಾಪ್ಟನ್ ಪ್ಲಮರ್. ಈತ ಸೈನ್ಯದ ಕ್ಯಾಪ್ಟನ್ ಅಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ರೂಢಿಯಲ್ಲಿ ಗಣಿಯ ಮೇಲ್ವಿಚಾರಕನನ್ನು ಹಾಗೆ ಕರೆಯುತ್ತಿದ್ದರು. ಲಂಡನ್ನಿನಲ್ಲಿ ಜಾನ್ ಟೇಲರ್ ಪಾಲುದಾರರನ್ನು ಹೇಗೋ ಒಪ್ಪಿಸಿ, ಉಳಿದ ಹಣದಲ್ಲಿ ಇನ್ನೊಂದು ಪ್ರಯತ್ನ ಮಾಡಿಸಿದ. ಪ್ಲಮರ್ ಮೈಸೂರು ಗಣಿಯಲ್ಲಿ ಹೊಸ ಜಾಗ ಹುಡುಕಲಿಲ್ಲ. ಹಳಬರ ಗುಂಡಿಯನ್ನೇ ಹಿಡಿದು ತಳಕ್ಕೆ ಹೋದ. ಅದರ ಕೆಳಗೆ ಯಾರೂ ಮುಟ್ಟದ ಬೆಣಚು ಸಿಕ್ಕಿತು. ಅದೇ ಚಾಂಪಿಯನ್ ಲೋಡ್.

ಅಲ್ಲಿಂದಾಚೆಗೆ ಎಲ್ಲ ಸರಸರ ನಡೆಯಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ನಾಲ್ಕು ದೊಡ್ಡ ಗಣಿಗಳು ಒಂದೇ ಎಳೆಯ ಮೇಲೆ ಸಾಲಾಗಿ ನಿಂತವು. 1894ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಭೂವಿಜ್ಞಾನ ಇಲಾಖೆ ಶುರುವಾಯಿತು. ರಾಬರ್ಟ್ ಬ್ರೂಸ್ ಫುಟ್ ಅದರ ಮೊದಲ ಮುಖ್ಯಸ್ಥ. ಅಂದರೆ ಗಣಿ ಮೊದಲು ಬಂತು, ಅದನ್ನು ವಿವರಿಸಬೇಕಾದ ಇಲಾಖೆ ಆಮೇಲೆ. ಹಾಗಂತ ಫುಟ್ ಅಲ್ಲಿಯವರೆಗೆ ಕೈಕಟ್ಟಿ ಕೂತಿರಲಿಲ್ಲ. 1880ರ ದಶಕದಲ್ಲೇ ಮೈಸೂರಿನ ಚಿನ್ನದ ಜಾಗಗಳನ್ನು ಸುತ್ತಿ ನೋಡಿ, ಚಿನ್ನದ ಎಳೆಗಳು ಕಪ್ಪು ಶಿಸ್ಟ್, ಅಂದರೆ ಪದರ ಪದರವಾಗಿ ಸೀಳುವ ಕಲ್ಲಿನ, ಉದ್ದ ಪಟ್ಟಿಗಳಿಗೆ ಅಂಟಿಕೊಂಡಿವೆ ಎಂದು ಗುರುತಿಸಿದ್ದ. ಇವತ್ತಿಗೂ ಕರ್ನಾಟಕದಲ್ಲಿ ಚಿನ್ನ ಹುಡುಕುವವರು ಮೊದಲು ತೆರೆಯುವುದು ಶಿಸ್ಟ್ ಪಟ್ಟಿಗಳ ನಕ್ಷೆಯನ್ನೇ.

ಲಾಲ್‌ಬಾಗ್‌ನ ಬಂಡೆ, ಕೋಲಾರದ ಪಟ್ಟಿ

ಹುಡುಗರನ್ನು ಲಾಲ್‌ಬಾಗ್‌ನ ಬಂಡೆ ಮೇಲೆ ಕೂರಿಸಿಕೊಂಡು ಈ ಕಥೆ ಹೇಳಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಸರ್, ಹಾಗಾದ್ರೆ ಇದರ ಕೆಳಗೂ ಚಿನ್ನ ಇರಬಹುದಾ?"

ಇಲ್ಲ ಕಣಮ್ಮ. ಲಾಲ್‌ಬಾಗ್‌ನದು ನೈಸ್, ನಮ್ಮ ಪರ್ಯಾಯ ದ್ವೀಪದ ಬುನಾದಿ ಕಲ್ಲು. ಅಲ್ಲಿನ ಫಲಕ ಅದರ ವಯಸ್ಸು 300 ಕೋಟಿ ವರ್ಷ ಎನ್ನುತ್ತದೆ. ಬೆಂಗಳೂರಿನಿಂದ ಪೂರ್ವಕ್ಕೆ ನೂರು ಕಿಲೋಮೀಟರ್ ಹೋದರೂ ಬಹುಪಾಲು ಇದೇ ಜಾತಿಯ ಕಲ್ಲು. ಬಂಗಾರಪೇಟೆ ದಾಟಿ ಕೆಜಿಎಫ್ ಬಂದಾಗ ಮಾತ್ರ ಬೇರೆಯದೊಂದು ಕಲ್ಲು ತಲೆ ಎತ್ತುತ್ತದೆ. ಕಪ್ಪು ಹಸಿರು ಬಣ್ಣದ ಆಂಫಿಬೊಲೈಟ್. ಒಂದು ಕಾಲಕ್ಕೆ ಅದು ಸಮುದ್ರದ ತಳದಲ್ಲಿ ಹರಿದ ಲಾವಾ. ವಯಸ್ಸು ಸುಮಾರು 270 ಕೋಟಿ ವರ್ಷ. ಆಮೇಲೆ ಒತ್ತಡಕ್ಕೂ ಬಿಸಿಗೂ ಸಿಕ್ಕಿ ಈಗಿನ ರೂಪಕ್ಕೆ ಬಂದಿದೆ. ಕೋಲಾರ ಶಿಸ್ಟ್ ಪಟ್ಟಿ ಎನ್ನುವುದು ಇದನ್ನೇ. ಉದ್ದ ಸುಮಾರು 80 ಕಿಲೋಮೀಟರ್, ದಕ್ಷಿಣದ ಭಾಗ ಆಂಧ್ರದೊಳಗೂ ಹೋಗಿದೆ. ಅಗಲ ಮಾತ್ರ ಬರೀ ನಾಲ್ಕೈದು ಕಿಲೋಮೀಟರ್.

ಇನ್ನೂ ಒಂದು ಸಂಗತಿ ನನಗೆ ಬಹಳ ಹಿಡಿಸುತ್ತದೆ. ಪಟ್ಟಿಯ ಎರಡು ಬದಿಯ ನೈಸ್‌ಗಳು ನೋಡಲು ಒಂದೇ ಥರ, ಆದರೆ ಒಂದೇ ಮನೆಯವಲ್ಲ. 1989ರಲ್ಲಿ ಪ್ರಕಟವಾದ, ಕಲ್ಲಿನ ವಯಸ್ಸು ಅಳೆಯುವ ಐಸೋಟೋಪ್ ಅಧ್ಯಯನದ ಪ್ರಕಾರ ಪಶ್ಚಿಮದ ನೈಸ್‌ನಲ್ಲಿ 263 ಕೋಟಿ ವರ್ಷದಷ್ಟು ಹಳೆಯ ಭಾಗಗಳಿವೆ, ಪೂರ್ವದ್ದು 253 ಕೋಟಿ ವರ್ಷದ್ದು. ಎರಡು ಬೇರೆ ಬೇರೆ ಭೂತುಂಡುಗಳು ಬಂದು ಕೂಡಿಕೊಂಡ ಹೊಲಿಗೆಯ ಮೇಲೆ ಕೋಲಾರ ಕೂತಿದೆ ಎನ್ನುವುದು ಆ ಅಧ್ಯಯನದ ವಾದ. ಹೊಲಿಗೆ ಇರುವ ಕಡೆ ಬಿರುಕು ಇರುತ್ತದೆ. ಬಿರುಕಿನಲ್ಲಿ ಆಳದಿಂದ ಬಿಸಿನೀರು ಏರುತ್ತದೆ.

ಆ ನೀರು ನಾವು ಕುದಿಸುವ ನೀರಿನಂತಲ್ಲ. ನೂರಾರು ಡಿಗ್ರಿ ಬಿಸಿ, ಭಾರೀ ಒತ್ತಡ. ಅದರಲ್ಲಿ ಸಿಲಿಕಾ, ಗಂಧಕ, ಚಿನ್ನ ಕರಗಿರುತ್ತವೆ. ಚಿನ್ನ ನೀರಿನಲ್ಲಿ ಓಡಾಡುವುದು ಗಂಧಕದ ಜೊತೆ ಸೇರಿ. ಬಿರುಕು ಬಾಯ್ಬಿಟ್ಟಾಗ ಒತ್ತಡ ಇಳಿಯುತ್ತದೆ, ಸಿಲಿಕಾ ಬೆಣಚಾಗಿ ಕೂರುತ್ತದೆ. ಪಕ್ಕದ ಆಂಫಿಬೊಲೈಟ್‌ನಲ್ಲಿ ಕಬ್ಬಿಣ ತುಂಬಾ ಇದೆ. ಅದು ಗಂಧಕವನ್ನು ಎಳೆದುಕೊಳ್ಳುತ್ತದೆ. ಜೊತೆಗಾರ ಹೋದ ಮೇಲೆ ಚಿನ್ನ ಅಲ್ಲೇ ಇಳಿದುಬಿಡುತ್ತದೆ. ಲಾಲ್‌ಬಾಗ್‌ನ ನೈಸ್‌ನಲ್ಲಿ ಅಷ್ಟು ಕಬ್ಬಿಣವೂ ಇಲ್ಲ, ಅಂಥ ಬಿರುಕೂ ಇಲ್ಲ.

ಚಿನ್ನದ ಜೊತೆಗಾರರು

ಚಾಂಪಿಯನ್ ಲೋಡ್ ಎಂದರೆ ಬೆಣಚು ಮತ್ತು ಚಿನ್ನ ಎರಡೇ ಎಂದುಕೊಳ್ಳಬೇಡಿ. ಸ್ವಲ್ಪ ಸ್ವಲ್ಪವೇ ಆದರೂ ಕಬ್ಬಿಣದ ಸಲ್ಫೈಡ್‌ಗಳಾದ ಪಿರೋಟೈಟ್, ಪೈರೈಟ್, ಆರ್ಸೆನಿಕ್ ಕೂಡ ಸೇರಿದ ಆರ್ಸೆನೋಪೈರೈಟ್ ಇವೆ. ತಾಮ್ರದ ಚಾಲ್ಕೋಪೈರೈಟ್, ಸತುವಿನ ಸ್ಫಾಲೆರೈಟ್, ಸೀಸದ ಗೆಲೀನಾ ಇವೆ. ಚಿನ್ನ, ಬೆಳ್ಳಿ, ಸೀಸ ಟೆಲ್ಯೂರಿಯಂ ಜೊತೆ ಸೇರಿದ ಅಪರೂಪದ ಖನಿಜಗಳೂ ಸಿಕ್ಕಿವೆ. ಟಂಗ್‌ಸ್ಟನ್ ಇರುವ ಷೀಲೈಟ್ ಇದೆ. ಒಂದೇ ಎಳೆಯಲ್ಲಿ ಇಷ್ಟು ಲೋಹಗಳು. ಪಟ್ಟಿಯ ಪಶ್ಚಿಮಕ್ಕೆ ಸರಿದರೆ ಚಿತ್ರ ಇನ್ನೂ ಬದಲಾಗುತ್ತದೆ. ಚಾಂಪಿಯನ್ ಲೋಡ್‌ಗೆ ಸಮಾನಾಂತರವಾಗಿ ಅಲ್ಲಿ ಮ್ಯಾಕ್‌ಟಾಗರ್ಟ್, ಓರಿಯಂಟಲ್ ಎಂಬ ಲೋಡ್‌ಗಳಿವೆ. ಅವುಗಳಲ್ಲಿ ಬೆಣಚಿಗಿಂತ ಸಲ್ಫೈಡ್‌ನ ಕಾರುಬಾರು ಜಾಸ್ತಿ. ಚಿನ್ನ ಕಣ್ಣಿಗೆ ಕಾಣದಷ್ಟು ನುಣ್ಣಗೆ, ಸಲ್ಫೈಡ್ ಕಣಗಳ ಜೊತೆ ಸೇರಿಕೊಂಡಿರುತ್ತದೆ.

ಈ ಪಶ್ಚಿಮದ ಲೋಡ್‌ಗಳು ಹುಟ್ಟಿದ್ದು ಹೇಗೆ ಎಂಬುದರಲ್ಲಿ ಒಮ್ಮತವಿಲ್ಲ. ಲಾವಾ ಹರಿಯುತ್ತಿದ್ದಾಗಲೇ ಸಮುದ್ರದ ತಳದಲ್ಲಿ ಸಲ್ಫೈಡ್ ಪದರವಾಗಿ ಕೂತಿತು, ಬೆಣಚಿನ ಎಳೆ ಎಷ್ಟೋ ಕಾಲದ ನಂತರ ಬಂತು ಎನ್ನುವುದು ಒಂದು ವಾದ. ಎರಡನ್ನೂ ತಂದದ್ದು ಆಮೇಲಿನ ಬಿಸಿನೀರೇ, ಕಬ್ಬಿಣ ಜಾಸ್ತಿ ಇದ್ದ ಪದರ ಸಿಕ್ಕ ಕಡೆ ಸಲ್ಫೈಡ್ ಆಯಿತು ಎನ್ನುವುದು ಇಂಥ ಅದಿರುಗಳ ವಿಷಯದಲ್ಲಿ ಸಾಮಾನ್ಯವಾಗಿ ಏಳುವ ಇನ್ನೊಂದು ವಾದ. ಇದು ಬರೀ ಪಂಡಿತರ ಜಗಳ ಅಲ್ಲ. ಮೊದಲನೆಯದು ನಿಜವಾದರೆ ಪದರ ಹಿಡಿದು ಹುಡುಕಬೇಕು. ಎರಡನೆಯದಾದರೆ ಬಿರುಕು ಹಿಡಿದು ಹುಡುಕಬೇಕು. ಕೊರೆಯುವ ಜಾಗವೇ ಬೇರೆಯಾಗುತ್ತದೆ.

ಪಶ್ಚಿಮದ ಲೋಡ್‌ಗಳನ್ನು ಗಣಿಯವರು ಮುಟ್ಟಲೇ ಇಲ್ಲ ಎಂದಲ್ಲ. ಓರಿಯಂಟಲ್ ಲೋಡ್‌ನಲ್ಲಿ ನಂದಿದುರ್ಗ ಗಣಿಯವರು ಕೆಲಸ ಮಾಡಿದರು. ಆದರೆ ಅದಕ್ಕೆ ಯಾವತ್ತೂ ಎರಡನೇ ಪಂಕ್ತಿಯೇ. ಕಾರಣ ಸರಳ. ಶುರುವಿನಲ್ಲಿ ಅವರಿಗೆ ಗೊತ್ತಿದ್ದದ್ದು ಅದಿರು ಕುಟ್ಟಿ ಪಾದರಸದಲ್ಲಿ ಚಿನ್ನ ಹಿಡಿಯುವ ದಾರಿ. ಬೆಣಚಿನಲ್ಲಿ ಬಿಡಿಯಾಗಿರುವ ಚಿನ್ನಕ್ಕೆ ಅದು ಸರಿ. ಸಲ್ಫೈಡ್‌ನಲ್ಲಿ ಅಡಗಿದ ಚಿನ್ನಕ್ಕೆ ಪಾದರಸ ಅಂಟುವುದಿಲ್ಲ. 1890ರ ದಶಕದಲ್ಲಿ ಸೈನೈಡ್ ವಿಧಾನ ಬಂದ ಮೇಲೆ ಸ್ವಲ್ಪ ದಾರಿ ತೆರೆಯಿತು. ಅಷ್ಟರಲ್ಲಿ ಎಲ್ಲರ ಗಮನ, ಹಣ, ಬಾವಿ ಎಲ್ಲ ಚಾಂಪಿಯನ್ ಲೋಡ್‌ನ ಬೆನ್ನು ಹತ್ತಿ ಕೆಳಗಿಳಿಯುತ್ತಿತ್ತು.

ಚಿತ್ರದುರ್ಗದ ಇಂಗಳದಾಳ್ ಇದಕ್ಕೆ ಒಳ್ಳೆಯ ಹೋಲಿಕೆ. ಅದೂ ಶಿಸ್ಟ್ ಪಟ್ಟಿಯೇ, ಅಲ್ಲೂ ಹಳಬರ ಗುಂಡಿಗಳು, ಅಲ್ಲೂ ಲಾವಾ ಕಲ್ಲು. ಆದರೆ ಅಲ್ಲಿ ಮುಖ್ಯ ಲೋಹ ತಾಮ್ರ. ಜೊತೆಗೆ ಸತು, ಸೀಸ, ಸ್ವಲ್ಪ ಕೋಬಾಲ್ಟ್. ಆರಂಭದಿಂದಲೇ ಅದನ್ನು ಸಲ್ಫೈಡ್ ಅದಿರು ಎಂದೇ ನೋಡಿದ್ದರಿಂದ, ಕೋಬಾಲ್ಟ್ ನಿಕಲ್ ಎಲ್ಲೆಲ್ಲಿ ಹೇಗೆ ಹಂಚಿಕೊಂಡಿವೆ ಎಂಬ ಅಧ್ಯಯನಗಳೂ ನಡೆದವು. ಕೋಲಾರದಲ್ಲಿ ಚಿನ್ನದ ಹೊಳಪಿನ ಮುಂದೆ ಉಳಿದದ್ದೆಲ್ಲ ಮಂಕಾಯಿತು.

ಆಳದ ಬೆಲೆ

ಎಳೆ ಹಿಡಿದು ಇಳಿಯುತ್ತಾ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳ ಮುಟ್ಟಿತು. ಅಲ್ಲಿ ಬಂಡೆಯ ಬಿಸಿ 65 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಬಂಡೆ ಒತ್ತಡಕ್ಕೆ ಸಿಡಿಯುವುದು, ಅಂದರೆ ರಾಕ್‌ಬರ್ಸ್ಟ್, 19ನೇ ಶತಮಾನದ ಕೊನೆಗೇ ಶುರುವಾಗಿತ್ತು. ಎಷ್ಟೋ ಜನ ಕಾರ್ಮಿಕರು ಅದಕ್ಕೆ ಬಲಿಯಾದರು. ನೀರೆತ್ತಲು, ಗಾಳಿ ಕಳಿಸಲು, ಅದಿರು ಎಳೆಯಲು ಕರೆಂಟು ಬೇಕಾಯಿತು. ಅದಕ್ಕೆಂದೇ 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದರು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಗಣಿಗೆ ಕೊಟ್ಟ ಮೇಲೆ. ನಮ್ಮ ಊರಿನ ಬೆಳಕು ಕೋಲಾರದ ಎಂಜಲು ಎಂದರೆ ಬೆಂಗಳೂರಿನವರು ಬೇಜಾರು ಮಾಡಿಕೊಳ್ಳಬಾರದು.

ಒಟ್ಟು ಲೆಕ್ಕ ಹೀಗಿದೆ. ಸುಮಾರು 5.1 ಕೋಟಿ ಟನ್ ಅದಿರು, 800 ಟನ್ ಚಿನ್ನ. ಸರಾಸರಿ ಟನ್ನಿಗೆ 15 ಗ್ರಾಂ ಮೀರುತ್ತದೆ. ಜಗತ್ತಿನ ಲೆಕ್ಕದಲ್ಲೂ ಇದು ಬಹಳ ಒಳ್ಳೆಯ ಅದಿರು. ಆದರೆ ಸರಾಸರಿ ಮೋಸ ಮಾಡುತ್ತದೆ. ಮೊದಲ ವರ್ಷಗಳ ಸಿರಿ ಅದರಲ್ಲಿ ಸೇರಿದೆ. ಕೊನೆಕೊನೆಗೆ ಟನ್ನಿಗೆ ಕೆಲವೇ ಗ್ರಾಂ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್. 2001ರ ಫೆಬ್ರವರಿ 28ಕ್ಕೆ ಮುಚ್ಚಿತು.

ನನ್ನ ಅನಿಸಿಕೆ ಹೇಳಿಬಿಡುತ್ತೇನೆ. ಪ್ಲಮರ್‌ಗೆ ಫಲ ಕೊಟ್ಟ ಉಪಾಯವೇ ಆಮೇಲೆ ಗಣಿಗೆ ಅಭ್ಯಾಸವಾಯಿತು. ಇನ್ನೂ ಕೆಳಗೆ ಹೋಗು, ಅಷ್ಟೇ. ಮೂರು ಕಿಲೋಮೀಟರ್ ಇಳಿಯಲು ಸುರಿದ ಹಣದಲ್ಲಿ ಒಂದಿಷ್ಟನ್ನು ಅಕ್ಕಪಕ್ಕದ ಸಲ್ಫೈಡ್ ಲೋಡ್‌ಗಳನ್ನು ಮೇಲ್ಮಟ್ಟದಲ್ಲೇ ಕೊರೆದು ನೋಡಲು ಇಟ್ಟಿದ್ದರೆ ಚಿತ್ರ ಬೇರೆ ಆಗಬಹುದಿತ್ತು. ಇದನ್ನು ಒಪ್ಪದ ಹಳೇ ಗಣಿ ಎಂಜಿನಿಯರುಗಳಿದ್ದಾರೆ. ಸಲ್ಫೈಡ್‌ನಲ್ಲಿ ಗ್ರೇಡ್, ಅಂದರೆ ಟನ್ನಿಗೆ ಸಿಗುವ ಚಿನ್ನ, ಕಡಿಮೆ, ಖರ್ಚು ಹುಟ್ಟುತ್ತಿರಲಿಲ್ಲ ಎನ್ನುತ್ತಾರೆ. ಆ ಕಾಲದ ಚಿನ್ನದ ಬೆಲೆಗೆ ಅವರ ಮಾತೂ ತಳ್ಳಿಹಾಕುವಂಥದ್ದಲ್ಲ.

ಈಗ ಉಳಿದಿರುವುದು ಸೈನೈಡ್ ದಿಬ್ಬಗಳು. ಅದಿರು ಅರೆದು ಚಿನ್ನ ತೆಗೆದ ಮೇಲೆ ಸುರಿದ ಬೂದು ಮಣ್ಣು. 2024ರ ಜೂನ್‌ನಲ್ಲಿ ಈ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿತು. ಸುಮಾರು ಸಾವಿರ ಎಕರೆಯಲ್ಲಿ ಹರಡಿದ 13 ದಿಬ್ಬಗಳು, ಒಟ್ಟು 3.3 ಕೋಟಿ ಟನ್, ಟನ್ನಿಗೆ ಒಂದು ಗ್ರಾಂ ಆಸುಪಾಸು ಚಿನ್ನ ಎಂಬುದು ಆಗ ಹೇಳಿದ ಅಂದಾಜು. ಬೆಂಗಳೂರಿನ ಪತ್ರಿಕೆಗಳಲ್ಲಿ ಮತ್ತೆ ಚಿನ್ನ ಎಂಬ ತಲೆಬರಹಗಳು ಬಂದವು.

ಈ ಮಣ್ಣಿನಲ್ಲಿ ಉಳಿದ ಚಿನ್ನದಲ್ಲಿ ಒಂದು ಪಾಲು ಪಾದರಸಕ್ಕೂ ಸೈನೈಡ್‌ಗೂ ಸಿಗದೆ ತಪ್ಪಿಸಿಕೊಂಡದ್ದು, ಅಂದರೆ ಸಲ್ಫೈಡ್‌ನೊಳಗೆ ಸಿಕ್ಕಿಕೊಂಡದ್ದು. ಮತ್ತೊಮ್ಮೆ ಬರೀ ಸೈನೈಡ್ ಹಾಕಿದರೆ ಅದೆಲ್ಲ ಬಂದುಬಿಡುವುದಿಲ್ಲ. ಹಿಂದೆ ಇದೇ ದಿಬ್ಬಗಳ ಮಣ್ಣಿನಿಂದ ಷೀಲೈಟ್ ತೆಗೆದದ್ದೂ ಉಂಟು, ಹಾಗಾಗಿ ಟಂಗ್‌ಸ್ಟನ್ ಲೆಕ್ಕವನ್ನೂ ಹಾಕಬೇಕು. ಆರ್ಸೆನೋಪೈರೈಟ್ ಇದ್ದ ಅದಿರು ಅರೆದ ಕಡೆ ಆರ್ಸೆನಿಕ್ ಇದ್ದೇ ಇರುತ್ತದೆ. ದಿಬ್ಬ ಕೆದಕುವ ಮೊದಲು ಅದು ಎಷ್ಟಿದೆ, ನೀರಿಗೆ ಎಷ್ಟು ಇಳಿಯುತ್ತದೆ ಎಂದು ಪ್ರತಿ ದಿಬ್ಬದ ಮಾದರಿ ತೆಗೆದು ಅಳೆಯಬೇಕು. ಗಾಳಿ ಬೀಸಿದಾಗ ಆ ಧೂಳು ಹೋಗಿ ಕೂರುವುದು ಪಕ್ಕದ ಕಾಲೋನಿಗಳ ಅಡುಗೆಮನೆಗಳಲ್ಲಿ. ಚಿನ್ನದ ಗ್ರೇಡ್ ಬರೆಯುವ ಪಟ್ಟಿಯಲ್ಲೇ ಟಂಗ್‌ಸ್ಟನ್, ಆರ್ಸೆನಿಕ್ ಎರಡಕ್ಕೂ ಕಾಲಂ ಹಾಕಲಿ. ಮಾದರಿ ಹೇಗಿದ್ದರೂ ತೆಗೆಯುತ್ತಾರೆ, ಇನ್ನೆರಡು ಪರೀಕ್ಷೆಗೆ ದೊಡ್ಡ ಖರ್ಚೇನೂ ಇಲ್ಲ.